ಅಟಾರಿ ಬಿಟ್ಟು ಹೋದವರು

1979ರಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದ ಅಟಾರಿ ಕಂಪನಿಯ ಮಾರಾಟ ವಿಭಾಗ ತನ್ನ ಪ್ರೋಗ್ರಾಮರ್‌ಗಳಿಗೆ ಒಂದು ಹಾಳೆಯ ಪಟ್ಟಿ ಹಂಚಿತು. ಹಿಂದಿನ ವರ್ಷ ಯಾವ ವಿಡಿಯೋ ಗೇಮ್ ಎಷ್ಟು ಮಾರಿತು, ಒಟ್ಟು ವ್ಯಾಪಾರದಲ್ಲಿ ಅದರ ಪಾಲೆಷ್ಟು ಎಂಬ ಲೆಕ್ಕ ಅದರಲ್ಲಿತ್ತು. ಚೆನ್ನಾಗಿ ಮಾರಿದಂಥವನ್ನೇ ಇನ್ನಷ್ಟು ಬರೆದುಕೊಡಿ ಎನ್ನುವುದು ಹಂಚಿದವರ ಉದ್ದೇಶ. ಡೇವಿಡ್ ಕ್ರೇನ್ ಎಂಬ ತರುಣ ಪ್ರೋಗ್ರಾಮರ್ ಅದನ್ನು ಬೇರೆ ಕಣ್ಣಿನಿಂದ ನೋಡಿದರು. ಪಟ್ಟಿಯಲ್ಲಿ ಆಟಗಳ ಹೆಸರಿತ್ತು, ಬರೆದವರ ಹೆಸರಿರಲಿಲ್ಲ. ಆದರೆ ಯಾವ ಆಟ ಯಾರದ್ದು ಎಂದು ಆ ವಿಭಾಗದಲ್ಲಿ ಕೂತವರಿಗೆಲ್ಲ ಗೊತ್ತಿತ್ತು. ಕೂಡಿಸಿ ನೋಡಿದರೆ ಸುಮಾರು 10 ಕೋಟಿ ಡಾಲರ್ ವ್ಯಾಪಾರದಲ್ಲಿ ಶೇಕಡಾ 60ರಷ್ಟು ನಾಲ್ಕೇ ಜನರ ಆಟಗಳಿಂದ ಬಂದಿತ್ತು: ಕ್ರೇನ್, ಲ್ಯಾರಿ ಕಪ್ಲಾನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್. ನಾಲ್ವರಿಗೂ ವರ್ಷಕ್ಕೆ 20ರಿಂದ 30 ಸಾವಿರ ಡಾಲರ್ ಸಂಬಳ. ಆಟದ ಡಬ್ಬಿಯ ಮೇಲಾಗಲಿ, ಒಳಗಿನ ಪುಸ್ತಿಕೆಯಲ್ಲಾಗಲಿ ಅವರ ಹೆಸರು ಎಲ್ಲಿಯೂ ಇಲ್ಲ.

ಈಗ ಒಂದು ದೊಡ್ಡ ಆಟಕ್ಕೆ ಸಾವಿರಾರು ಜನ ದುಡಿಯುತ್ತಾರೆ. ಆಗ ಒಂದು ಆಟವೆಂದರೆ ಒಬ್ಬರ ಕೆಲಸ. ಕಲ್ಪನೆ, ಚಿತ್ರ, ಸದ್ದು, ಕೋಡ್ ಎಲ್ಲವೂ ಒಬ್ಬರೇ. ಹಾಗಾಗಿ ಒಬ್ಬ ಮನುಷ್ಯ ಕೆಲಸ ಬಿಟ್ಟರೆ ಆಟದ ಗುಣಮಟ್ಟಕ್ಕೆ ಏನಾಗುತ್ತದೆ ಎಂಬುದು ಅಟಾರಿಯ ಚರಿತ್ರೆಯಲ್ಲಿ ಕಂಡಷ್ಟು ನಿಚ್ಚಳವಾಗಿ ಮತ್ತೆಲ್ಲೂ ಕಾಣುವುದಿಲ್ಲ. ಇವತ್ತಿನ ಕಂಪನಿಗಳಲ್ಲಿ ಅದೇ ಸಂಗತಿ ನೂರಾರು ಜನರ ನಡುವೆ ಹಂಚಿಹೋಗಿ ಮಸುಕಾಗಿದೆ, ಅಷ್ಟೆ.

ಅಟಾರಿಯನ್ನು 1972ರಲ್ಲಿ ಕಟ್ಟಿದವರು ನೋಲನ್ ಬುಶ್ನೆಲ್ ಮತ್ತು ಟೆಡ್ ಡ್ಯಾಬ್ನಿ. ಮೊದಲ ವರ್ಷವೇ ‘ಪಾಂಗ್’ ಬಂತು. 1976ರಲ್ಲಿ ವಾರ್ನರ್ ಕಮ್ಯುನಿಕೇಷನ್ಸ್ ಸುಮಾರು 2.8 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನು ಕೊಂಡಿತು. ಮರುವರ್ಷ ಮನೆಯ ಟಿವಿಗೆ ಜೋಡಿಸಿ ಆಡುವ, ಕಾರ್ಟ್ರಿಜ್ ಬದಲಿಸಿದರೆ ಆಟ ಬದಲಾಗುವ ಯಂತ್ರ ಮಾರುಕಟ್ಟೆಗೆ ಬಂತು. ಮುಂದೆ ಅಟಾರಿ 2600 ಎಂದು ಹೆಸರಾದದ್ದು ಇದೇ.

ಈ ಯಂತ್ರದ ಒಳಗನ್ನು ಸ್ವಲ್ಪ ನೋಡಲೇಬೇಕು, ಇಲ್ಲದಿದ್ದರೆ ನಾಲ್ವರ ಬೆಲೆ ತಿಳಿಯುವುದಿಲ್ಲ. ಅದರ ಕೆಲಸದ ಮೆಮೊರಿ 128 ಬೈಟ್. ಇಂದಿನ ಯೂನಿಕೋಡ್ ಕನ್ನಡದಲ್ಲಿ ಬರೆದರೆ ನಾಲ್ಕೈದು ಪದಕ್ಕೆ ಅದು ಭರ್ತಿ. ಪರದೆಯ ಚಿತ್ರವನ್ನು ಇಟ್ಟುಕೊಳ್ಳುವಷ್ಟು ಜಾಗವೇ ಅಲ್ಲಿರಲಿಲ್ಲ. ಟಿವಿಯ ಕಿರಣ ಒಂದೊಂದೇ ಗೆರೆ ಎಳೆಯುತ್ತ ಕೆಳಗಿಳಿಯುವಾಗ, ಮುಂದಿನ ಗೆರೆಯಲ್ಲಿ ಏನಿರಬೇಕೆಂದು ಪ್ರೋಗ್ರಾಮ್ ಆ ಕ್ಷಣಕ್ಕೇ ಹೇಳಬೇಕು. ಒಂದು ಗೆರೆಗೆ ಪ್ರೊಸೆಸರ್‌ಗೆ ಸಿಗುವುದು 76 ಗಡಿಯಾರ ಬಡಿತಗಳು. ಒಂದೊಂದು ಆದೇಶಕ್ಕೂ ಎರಡರಿಂದ ಏಳು ಬಡಿತ ಖರ್ಚು. ಲೆಕ್ಕ ಒಂದು ಬಡಿತ ತಪ್ಪಿದರೂ ಚಿತ್ರ ಪಕ್ಕಕ್ಕೆ ಸರಿಯುತ್ತದೆ. ಪರದೆಯಲ್ಲಿ ಓಡಾಡುವ ಗೊಂಬೆಗಳಿಗೆ ಚಿಪ್ ಕೊಡುತ್ತಿದ್ದದ್ದು ಎರಡೇ ಆಕೃತಿ. ಒಂದೊಂದನ್ನೂ ಹೆಚ್ಚೆಂದರೆ ಮೂರು ಸಲ ನಕಲಿಸಬಹುದು. ಅಂದರೆ ಒಂದು ಸಾಲಿಗೆ ಆರು.

ಚದುರಂಗದ ಮಣೆಯಲ್ಲಿ ಒಂದು ಸಾಲಿಗೆ ಎಂಟು ಕಾಯಿ. ಹಾಗಾಗಿ ಈ ಯಂತ್ರದಲ್ಲಿ ಚೆಸ್ ಸಾಧ್ಯವಿಲ್ಲ ಎಂದೇ ಎಲ್ಲರ ಅಂದಾಜು. ಬಾಬ್ ವೈಟ್‌ಹೆಡ್ ಒಂದು ದಾರಿ ಹುಡುಕಿದರು. ಸಮಸಂಖ್ಯೆಯ ಗೆರೆಗಳಲ್ಲಿ ನಾಲ್ಕು ಕಾಯಿ, ಬೆಸಸಂಖ್ಯೆಯ ಗೆರೆಗಳಲ್ಲಿ ಉಳಿದ ನಾಲ್ಕು. ಕಾಯಿಗಳು ಕಿಟಕಿಯ ಪಟ್ಟಿ ಪರದೆಯ ಹಿಂದೆ ನಿಂತಂತೆ ಸೀಳುಸೀಳಾಗಿ ಕಾಣುತ್ತಿದ್ದವು, ಆದರೆ ಎಂಟೂ ಕಾಣುತ್ತಿದ್ದವು. ‘ವಿಡಿಯೋ ಚೆಸ್’ 1979ರಲ್ಲಿ ಬಂತು. ಇಂಥ ಉಪಾಯ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಯಂತ್ರ ಮಾಡಿದವರಿಗೇ ಅದು ಹೀಗೆಲ್ಲ ದುಡಿಯಬಲ್ಲದೆಂದು ಗೊತ್ತಿರಲಿಲ್ಲ. ಪಕ್ಕದ ಮೇಜಿನವರು ಎದ್ದುಬಂದು ನೋಡಿ ಕಲಿಯುತ್ತಿದ್ದರು, ಕಲಿತದ್ದಕ್ಕೆ ತಮ್ಮದನ್ನು ಸೇರಿಸುತ್ತಿದ್ದರು. ಅಟಾರಿಯ ನಿಜವಾದ ಆಸ್ತಿ ಇದ್ದದ್ದು ಅಲ್ಲಿ, ಕೆಲವೇ ತಲೆಗಳಲ್ಲಿ. ಮಾಲೀಕರ ಲೆಕ್ಕಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.

1978ರಲ್ಲಿ ವಾರ್ನರ್ ಕಂಪನಿ ರೇ ಕಸ್ಸಾರ್ ಎಂಬವರನ್ನು ತಂದಿತು. ಬರ್ಲಿಂಗ್ಟನ್ ಇಂಡಸ್ಟ್ರೀಸ್ ಎಂಬ ದೊಡ್ಡ ಜವಳಿ ಕಂಪನಿಯಲ್ಲಿ ದಶಕಗಳ ಕಾಲ ದುಡಿದು ಮೇಲೆ ಬಂದವರು. ಆ ವರ್ಷದ ಕೊನೆಗೆ ಬುಶ್ನೆಲ್ ಹೊರಬಿದ್ದರು, ಕಸ್ಸಾರ್ ಚುಕ್ಕಾಣಿ ಹಿಡಿದರು. ಅವರನ್ನು ಬರೀ ಖಳನಾಯಕನಾಗಿ ಚಿತ್ರಿಸುವುದು ನನಗೆ ಸರಿ ಕಾಣುವುದಿಲ್ಲ. ಕ್ರಿಸ್ಮಸ್ ಬಂದಾಗ ಮಾತ್ರ ಮಾರುತ್ತಿದ್ದ ಸರಕನ್ನು ವರ್ಷವಿಡೀ ಮಾರುವಂತೆ ಮಾಡಿದವರು ಅವರು. ಅವರ ಕಾಲದಲ್ಲಿ ಅಟಾರಿಯ ವಹಿವಾಟು ಕೆಲವು ಕೋಟಿ ಡಾಲರ್‌ಗಳಿಂದ 200 ಕೋಟಿ ಡಾಲರ್‌ವರೆಗೆ ಏರಿತು. ಬುಶ್ನೆಲ್ ಕಾಲದಲ್ಲೂ ಪ್ರೋಗ್ರಾಮರ್‌ಗಳ ಹೆಸರು ಡಬ್ಬಿಯ ಮೇಲೆ ಬರುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು. ಆದರೆ ಜವಳಿ ಗಿರಣಿಯಲ್ಲಿ ಮಗ್ಗ ಮುಖ್ಯ. ಮಗ್ಗದ ಮುಂದೆ ಇವತ್ತು ಒಬ್ಬರು, ನಾಳೆ ಇನ್ನೊಬ್ಬರು ನಿಲ್ಲಬಹುದು. ಆ ನಂಬಿಕೆಯನ್ನು ಅವರು ಸನ್ನಿವೇಲ್‌ಗೂ ತಂದರು.

ನಾಲ್ವರೂ ಕಸ್ಸಾರ್ ಬಳಿ ಹೋದರು. ಪುಸ್ತಕ ಬರೆದವರಿಗೆ, ಹಾಡಿದವರಿಗೆ ಸಿಗುವಂತೆ ಮಾರಿದ ಪ್ರತಿ ಕಾರ್ಟ್ರಿಜ್‌ಗೆ ಸಣ್ಣ ರಾಯಲ್ಟಿ ಬೇಕು, ಹೆಸರು ಹಾಕಬೇಕು, ಇಷ್ಟೇ ಅವರ ಕೋರಿಕೆ. ಅಲನ್ ಮಿಲ್ಲರ್ ಕರಾರಿನ ಕರಡನ್ನೂ ಬರೆದಿದ್ದರು. ಕಾರ್ಖಾನೆಯಲ್ಲಿ ಕಾರ್ಟ್ರಿಜ್ ಜೋಡಿಸುವವರಿಗಿಂತ ನೀವೇನೂ ಹೆಚ್ಚಲ್ಲ ಎಂಬ ಉತ್ತರ ಬಂತೆಂದು ಕ್ರೇನ್ ಮುಂದೆ ಹಲವು ಸಂದರ್ಶನಗಳಲ್ಲಿ ನೆನೆದಿದ್ದಾರೆ. ಟವೆಲ್ ಮೇಲೆ ವಿನ್ಯಾಸ ಬಿಡಿಸುವವರಿಗೆ ಕಸ್ಸಾರ್ ತಮ್ಮನ್ನು ಹೋಲಿಸಿದರೆಂದು ಕಪ್ಲಾನ್ ಹೇಳಿದ್ದಾರೆ. ಕಾರ್ಟ್ರಿಜ್ ಜೋಡಿಸುವವರ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಆ ಕೆಲಸಕ್ಕೆ ಬೇರೆಯವರನ್ನು ಒಂದು ವಾರದಲ್ಲಿ ತಯಾರು ಮಾಡಬಹುದಿತ್ತು. ವೈಟ್‌ಹೆಡ್ ಮಾಡಿದ್ದನ್ನು ಮಾಡುವವರನ್ನು ಹಾಗೆ ತಯಾರು ಮಾಡಲಾಗುತ್ತಿರಲಿಲ್ಲ. ಒಂದು ಕಂಪನಿಯ ಯಜಮಾನರಿಗೆ ಈ ವ್ಯತ್ಯಾಸ ಗೊತ್ತಿರಬೇಕಿತ್ತು.

ನಾಲ್ವರೂ ಹೊರಬಂದರು. ಸಂಗೀತ ಉದ್ಯಮದಲ್ಲಿ ಕೆಲಸ ಮಾಡಿ ಬಂದಿದ್ದ ಜಿಮ್ ಲೆವಿ ಜೊತೆ ಸೇರಿ 1979ರ ಅಕ್ಟೋಬರ್ 1ರಂದು ಆಕ್ಟಿವಿಷನ್ ಕಂಪನಿ ಆರಂಭಿಸಿದರು. ಯಂತ್ರ ಒಬ್ಬರದ್ದು, ಆಟ ಇನ್ನೊಬ್ಬರದ್ದು ಎಂಬ ವ್ಯವಸ್ಥೆ ಆವರೆಗೆ ಮನೆಯ ವಿಡಿಯೋ ಗೇಮ್‌ನಲ್ಲಿ ಇರಲೇ ಇಲ್ಲ. ಅಟಾರಿ ಕೋರ್ಟಿಗೆ ಹೋಯಿತು. 1982ರಲ್ಲಿ ರಾಜಿಯಾಗಿ, ಆಕ್ಟಿವಿಷನ್ ರಾಯಲ್ಟಿ ಕೊಟ್ಟು ಅದೇ ಯಂತ್ರಕ್ಕೆ ಆಟ ಮಾಡುವ ಹಕ್ಕು ಪಡೆಯಿತು. ಆ ಒಪ್ಪಂದದಿಂದ ಬೇರೆಯವರಿಗೂ ಬಾಗಿಲು ತೆರೆಯಿತು.

ಆಕ್ಟಿವಿಷನ್ ಆಟದ ಪುಸ್ತಿಕೆಯಲ್ಲಿ ಅದನ್ನು ಮಾಡಿದವರ ಹೆಸರು, ಫೋಟೋ, ಆಡುವವರಿಗೆ ಅವರ ಕಿವಿಮಾತು ಇರುತ್ತಿತ್ತು. ಆಟದ ಗುಣವೂ ಬೇರೆಯೇ ಆಗಿತ್ತು. 1982ರಲ್ಲಿ ಕ್ರೇನ್ ಬರೆದ ‘ಪಿಟ್‌ಫಾಲ್’ನಲ್ಲಿ ಕಾಡಿನೊಳಗೆ ಓಡುವ, ಬಳ್ಳಿ ಹಿಡಿದು ಜೀಕುವ, ಮೊಸಳೆ ತಲೆಯ ಮೇಲೆ ಕಾಲಿಟ್ಟು ಕೊಳ ದಾಟುವ ಮನುಷ್ಯನಿದ್ದ. 255 ಪರದೆಗಳ ಕಾಡು. ಅಷ್ಟನ್ನೂ ಚಿತ್ರವಾಗಿ ಇಡುವ ಜಾಗ ಕಾರ್ಟ್ರಿಜ್‌ನಲ್ಲಿ ಇರಲಿಲ್ಲ. ಒಂದು ಸಂಖ್ಯೆಯಿಂದ ಮುಂದಿನ ಸಂಖ್ಯೆ ಹುಟ್ಟುವ ಸೂತ್ರ ಮಾಡಿ, ಆ ಸಂಖ್ಯೆಯ ಒಂದೊಂದು ಬಿಟ್ ನೋಡಿ ಇಲ್ಲಿ ಮರ, ಇಲ್ಲಿ ಗುಂಡಿ, ಇಲ್ಲಿ ಚೇಳು ಎಂದು ಯಂತ್ರವೇ ತೀರ್ಮಾನಿಸುವಂತೆ ಮಾಡಿದರು. ಇಡೀ ಕಾಡು ಸುಮಾರು 50 ಬೈಟ್‌ನಲ್ಲಿ ಹಿಡಿಯಿತು. ಎಡಕ್ಕೆ ತಿರುಗಿ ನಡೆದರೆ ಸೂತ್ರ ಹಿಂದುಮುಂದಾಗಿ ಓಡಿ, ಬಂದ ದಾರಿಯೇ ಮತ್ತೆ ಸಿಗುತ್ತದೆ. ಆಟದ ಕಲ್ಪನೆ ಮೂಡಿದ್ದು ಹತ್ತು ನಿಮಿಷದಲ್ಲಿ, ಬರೆಯಲು ಹಿಡಿದದ್ದು ಸುಮಾರು ಸಾವಿರ ಗಂಟೆ ಎಂದು ಕ್ರೇನ್ ಹೇಳಿದ್ದಾರೆ. ಆ ಸಾವಿರ ಗಂಟೆ ಅವರಿಗೆ ಸಿಕ್ಕಿತು. ಆಟ 40 ಲಕ್ಷಕ್ಕೂ ಹೆಚ್ಚು ಮಾರಿತು.

ಅಟಾರಿಯಲ್ಲಿ ಉಳಿದವರ ಕಥೆ ಅಷ್ಟೇ ಮುಖ್ಯ. ವಾರೆನ್ ರಾಬಿನೆಟ್ ‘ಅಡ್ವೆಂಚರ್’ ಎಂಬ ಆಟ ಬರೆದರು. ಹೆಸರು ಹಾಕುವುದಿಲ್ಲವೆಂದು ಗೊತ್ತಿದ್ದರಿಂದ ಆಟದೊಳಗೇ ಒಂದು ಗುಪ್ತ ಕೋಣೆ ಕಟ್ಟಿದರು. ಹಿನ್ನೆಲೆಯ ಬಣ್ಣದ್ದೇ ಆದ, ಕಣ್ಣಿಗೆ ಕಾಣದ ಒಂದು ಚುಕ್ಕೆಯನ್ನು ಹುಡುಕಿ ಹೊತ್ತು ತಂದರೆ ಮಾತ್ರ ಆ ಕೋಣೆ ತೆರೆಯುತ್ತದೆ. ಅಲ್ಲಿ ಇದನ್ನು ಮಾಡಿದ್ದು ವಾರೆನ್ ರಾಬಿನೆಟ್ ಎಂಬ ಸಾಲು ಮೇಲಿನಿಂದ ಕೆಳಕ್ಕೆ ಮಿನುಗುತ್ತದೆ. ಆ ಕೋಣೆಯ ಗುಟ್ಟನ್ನು ಯಾರಿಗೂ ಹೇಳದೆ 1979ರಲ್ಲಿ ಅವರು ಕೆಲಸ ಬಿಟ್ಟರು. ಮರುವರ್ಷ ಆಟವಾಡುತ್ತಿದ್ದ ಒಬ್ಬ ಹುಡುಗ ಅದನ್ನು ಪತ್ತೆ ಮಾಡಿ ಕಂಪನಿಗೆ ಪತ್ರ ಬರೆದಾಗಲೇ ಅಟಾರಿಗೆ ತಿಳಿದದ್ದು. ಚಿಪ್ ತಿದ್ದಿಸಲು ಖರ್ಚು ಹೆಚ್ಚೆಂದು ಹಾಗೇ ಬಿಟ್ಟರು. ಕುತೂಹಲದ ಕಥೆಯೆಂದು ಗೇಮ್ ಪ್ರಿಯರು ಇದನ್ನು ಮೆಲುಕು ಹಾಕುತ್ತಾರೆ. ನನಗೆ ಅದರಲ್ಲಿ ಕಾಣುವುದು, ತಾನು ಮಾಡಿದ್ದನ್ನು ತನ್ನದೆಂದು ಹೇಳಿಕೊಳ್ಳಲು ಒಬ್ಬ ನುರಿತ ಕುಶಲಿ ಕಳ್ಳನಂತೆ ಗೋಡೆ ಕೊರೆಯಬೇಕಾಗಿ ಬಂದ ಅನ್ಯಾಯ.

ಕ್ಯಾರೊಲ್ ಶಾ 1978ರಲ್ಲಿ ಅಟಾರಿ ಸೇರಿದ ಎಂಜಿನಿಯರ್. ವಿಡಿಯೋ ಗೇಮ್ ಬರೆದ ಮೊದಲ ಮಹಿಳೆಯರಲ್ಲಿ ಒಬ್ಬರು. ಪ್ರಯೋಗಾಲಯಕ್ಕೆ ಬಂದ ಕಸ್ಸಾರ್, ಸದ್ಯ ಒಬ್ಬ ಹೆಂಗಸು ಸಿಕ್ಕರು, ಇನ್ನು ಮನೆ ಅಲಂಕಾರದ ಕಾರ್ಟ್ರಿಜ್ ಮಾಡಿಸಬಹುದು ಎಂಬರ್ಥದ ಮಾತಾಡಿದರಂತೆ. ಶಾ 1980ರಲ್ಲಿ ಅಟಾರಿ ಬಿಟ್ಟರು, ನಡುವೆ ಬೇರೆ ಕಡೆ ದುಡಿದು ಆಕ್ಟಿವಿಷನ್ ಸೇರಿದರು. 1982ರಲ್ಲಿ ಬಂದ ಅವರ ‘ರಿವರ್ ರೇಡ್’ ಹತ್ತು ಲಕ್ಷಕ್ಕೂ ಹೆಚ್ಚು ಮಾರಿತು. ರಾಬ್ ಫುಲಾಪ್ ‘ಮಿಸೈಲ್ ಕಮಾಂಡ್’ ಆಟವನ್ನು 2600ಕ್ಕೆ ಅಳವಡಿಸಿದವರು. ಕ್ರಿಸ್ಮಸ್ ಬೋನಸ್ ಎಂದು ಅವರ ಕೈಗೆ ಬಂದದ್ದು ಅಂಗಡಿಯೊಂದರಿಂದ ಟರ್ಕಿ ಕೋಳಿಯನ್ನು ಪುಕ್ಕಟೆ ಪಡೆಯುವ ಚೀಟಿ. 1981ರಲ್ಲಿ ಅವರೂ ಇನ್ನು ಕೆಲವರೂ ಹೊರಬಂದು ಇಮ್ಯಾಜಿಕ್ ಕಂಪನಿ ಕಟ್ಟಿದರು. ಅಲ್ಲಿ ಫುಲಾಪ್ ಬರೆದ ‘ಡೀಮನ್ ಅಟ್ಯಾಕ್’ ಆ ಕಾಲದ ಜನಪ್ರಿಯ ಆಟಗಳಲ್ಲೊಂದು. ಅತ್ತ ಅಟಾರಿಯ ಪ್ರತಿಸ್ಪರ್ಧಿ ಮ್ಯಾಟೆಲ್ ಕಂಪನಿ ಬೇರೆಯವರು ಸೆಳೆದುಕೊಂಡಾರೆಂಬ ಭಯದಿಂದ ತನ್ನ ಪ್ರೋಗ್ರಾಮರ್‌ಗಳ ಹೆಸರನ್ನೇ ಗುಟ್ಟಾಗಿಟ್ಟಿತು. ಹೆಸರು ಕೊಟ್ಟು ಉಳಿಸಿಕೊಳ್ಳುವುದಕ್ಕಿಂತ ಹೆಸರು ಮುಚ್ಚಿಟ್ಟು ಹಿಡಿದಿಡುವುದೇ ಲೇಸೆಂದು ಆ ಉದ್ಯಮಕ್ಕೆ ತೋರಿತ್ತು.

ಹೋಟೆಲಿನ ಬೋರ್ಡು ಅದೇ ಇದ್ದು, ಅಡುಗೆ ಭಟ್ಟರು ಎದುರು ಬೀದಿಗೆ ಹೋದರೆ ಗಿರಾಕಿಗಳಿಗೆ ಗೊತ್ತಾಗಲು ಎಷ್ಟು ದಿನ ಬೇಕು? ಅಟಾರಿಯ ವಿಷಯದಲ್ಲಿ ಎರಡು ಮೂರು ವರ್ಷ ಹಿಡಿಯಿತು. ಹೊಸಬರಲ್ಲೂ ಪ್ರತಿಭಾವಂತರಿದ್ದರು. ಫುಲಾಪ್ ಮುಂತಾದವರು ಹೋದ ಮೇಲೆ ಕಂಪನಿ ಎಚ್ಚೆತ್ತು ಮಾರಾಟದ ಮೇಲೆ ಬೋನಸ್ ಕೊಡಲು ಶುರು ಮಾಡಿತು. ‘ಪ್ಯಾಕ್-ಮ್ಯಾನ್’ ಬರೆದ ಟಾಡ್ ಫ್ರೈ ಒಂದು ಕಾರ್ಟ್ರಿಜ್‌ಗೆ ಸುಮಾರು 10 ಸೆಂಟ್‌ನಂತೆ ಲಕ್ಷಗಟ್ಟಲೆ ಡಾಲರ್ ಪಡೆದರು. ಆದರೆ ಜನರನ್ನು ಹೇಗೆ ದುಡಿಸಬೇಕು, ಒಂದು ಆಟಕ್ಕೆ ಎಷ್ಟು ಕಾಲ ಕೊಡಬೇಕು ಎಂಬ ತೀರ್ಮಾನ ಮಾತ್ರ ಮಾರಾಟದವರ ಕೈಯಲ್ಲೇ ಉಳಿಯಿತು.

1982ರ ಮಾರ್ಚ್‌ನಲ್ಲಿ ಬಂದ ಆ ‘ಪ್ಯಾಕ್-ಮ್ಯಾನ್’ 4 ಕಿಲೋಬೈಟ್‌ನ ಕಾರ್ಟ್ರಿಜ್. ದೆವ್ವಗಳು ಮಿಣಮಿಣ ಎನ್ನುತ್ತಿದ್ದವು, ಬಣ್ಣ ಬೇರೆ, ಸದ್ದು ಬೇರೆ. 70 ಲಕ್ಷಕ್ಕೂ ಹೆಚ್ಚು ಮಾರಿದರೂ, ಅಂಗಡಿಯ ದೊಡ್ಡ ಯಂತ್ರದಲ್ಲಿ ಆಡಿ ಬಂದ ಮಕ್ಕಳಿಗೆ ಇದು ಅದಲ್ಲ ಎಂದು ತಕ್ಷಣ ತಿಳಿಯಿತು. ಯಂತ್ರವೇ ಅಷ್ಟು ಎಂದು ಹೇಳುವಂತಿಲ್ಲ. ಮರುವರ್ಷ ಅದೇ 2600ಕ್ಕೆ ‘ಮಿಸ್ ಪ್ಯಾಕ್-ಮ್ಯಾನ್’ ಬಂತು. ಮಾಡಿಕೊಟ್ಟದ್ದು ಮಸಾಚುಸೆಟ್ಸ್‌ನ ಜನರಲ್ ಕಂಪ್ಯೂಟರ್ ಕಾರ್ಪೊರೇಷನ್, ಎಂಐಟಿಯ ಓದು ಬಿಟ್ಟು ಬಂದ ಹುಡುಗರ ತಂಡ. ಕಾರ್ಟ್ರಿಜ್‌ನ ಮೆಮೊರಿ ದುಪ್ಪಟ್ಟು, ದೆವ್ವಗಳ ಮಿಣುಕು ತೀರಾ ಕಡಿಮೆ, ಆಟ ಸೊಗಸು. ಇವೆರಡನ್ನೂ ಒಂದರ ಪಕ್ಕ ಒಂದಿಟ್ಟು ಆಡಿದರೆ ನಾನು ಹೇಳುತ್ತಿರುವುದು ಐದು ನಿಮಿಷದಲ್ಲಿ ಮನದಟ್ಟಾಗುತ್ತದೆ.

ಇನ್ನು ‘ಇ.ಟಿ.’ ಸ್ಪೀಲ್‌ಬರ್ಗ್ ಸಿನಿಮಾ 1982ರ ಜೂನ್‌ನಲ್ಲಿ ತೆರೆಕಂಡು ಜಗತ್ತನ್ನೇ ಗೆದ್ದಿತ್ತು. ವಾರ್ನರ್ ಮುಖ್ಯಸ್ಥ ಸ್ಟೀವ್ ರಾಸ್ ಆಟದ ಹಕ್ಕನ್ನು 2 ಕೋಟಿ ಡಾಲರ್‌ಗೂ ಮೇಲೆ ಕೊಟ್ಟು ತಂದರೆಂದು ಪತ್ರಿಕೆಗಳು ಬರೆದವು. ಮಾತುಕತೆ ಮುಗಿದಾಗ ಜುಲೈ ತಿಂಗಳು ಮುಗಿಯುತ್ತ ಬಂದಿತ್ತು. ಕ್ರಿಸ್ಮಸ್‌ಗೆ ಅಂಗಡಿಯಲ್ಲಿ ಇರಬೇಕಾದರೆ ಸೆಪ್ಟೆಂಬರ್ 1ಕ್ಕೆ ಕೋಡ್ ಮುಗಿಯಬೇಕು. ಕಸ್ಸಾರ್ ಜುಲೈ 27ರಂದು ಹೊವರ್ಡ್ ಸ್ಕಾಟ್ ವಾರ್ಷಾಗೆ ಫೋನ್ ಮಾಡಿದರು. ಐದು ವಾರ. ವಾರ್ಷಾ ಸಾಮಾನ್ಯರಲ್ಲ, ಏಳು ತಿಂಗಳು ತಿದ್ದಿ ತೀಡಿ ಅವರು ಬರೆದ ‘ಯಾರ್ಸ್ ರಿವೆಂಜ್’ ಅಟಾರಿಯ ಸ್ವಂತ ಆಟಗಳಲ್ಲಿ ಅತ್ಯುತ್ತಮವಾದದ್ದೆಂದು ಇಂದಿಗೂ ಹೇಳುವವರಿದ್ದಾರೆ. ಅವರು ಒಪ್ಪಿದರು. ಮನೆಯಲ್ಲೇ ಇನ್ನೊಂದು ಡೆವಲಪ್‌ಮೆಂಟ್ ಯಂತ್ರ ಕೂರಿಸಿಕೊಂಡು ಹಗಲು ರಾತ್ರಿ ದುಡಿದು ದಿನಕ್ಕೆ ಸರಿಯಾಗಿ ಮುಗಿಸಿದರು.

ಆ ಆಟವನ್ನು ಆಡಿದವರಿಗೆ ಗುಂಡಿಗಳು ನೆನಪಿರುತ್ತವೆ. ಇ.ಟಿ. ನಡೆಯುತ್ತ ನಡೆಯುತ್ತ ಗುಂಡಿಗೆ ಬೀಳುತ್ತದೆ. ಕತ್ತು ಉದ್ದ ಮಾಡಿ ಮೇಲೇರಿ ಬಂದು ಅಂಚಿಗೆ ಕಾಲಿಟ್ಟ ಕೂಡಲೇ ಮತ್ತೆ ಬೀಳುತ್ತದೆ. ಚಿತ್ರದ ಯಾವ ಚುಕ್ಕೆ ಗುಂಡಿಗೆ ತಾಗಿದರೆ ಬಿದ್ದಂತೆ ಎಂಬ ನಿಯಮವನ್ನು ಕೊಂಚ ಸಡಿಲಿಸಿದ್ದರೆ ಸಾಕಿತ್ತು. ಹೊರಗಿನ ಹತ್ತು ಮಕ್ಕಳ ಕೈಗೆ ಒಂದು ವಾರ ಕೊಟ್ಟಿದ್ದರೆ ಹತ್ತೂ ಮಕ್ಕಳು ಅದನ್ನೇ ಹೇಳುತ್ತಿದ್ದರು. ಆ ಒಂದು ವಾರ ಇರಲಿಲ್ಲ. ಸುಮಾರು 40 ಲಕ್ಷ ಕಾರ್ಟ್ರಿಜ್ ಮಾಡಿದರು, ಬಹುಪಾಲು ಮಾರಾಟವಾಗದೆ ಉಳಿದವು ಇಲ್ಲವೇ ವಾಪಸ್ ಬಂದವು. ಚರಿತ್ರೆಯ ಅತಿ ಕೆಟ್ಟ ಆಟ ಮಾಡಿದವರೆಂದು ವಾರ್ಷಾ ಹೆಸರು ದಶಕಗಳ ಕಾಲ ಕೆಟ್ಟಿತು. ಐದು ವಾರ ಸಾಕೆಂದು ತೀರ್ಮಾನಿಸಿದವರ ಹೆಸರು ಅಷ್ಟಾಗಿ ಕೆಡಲಿಲ್ಲ. ಇದು ನನಗೆ ಇಂದಿಗೂ ನೋವಿನ ಸಂಗತಿ.

1982ರ ಡಿಸೆಂಬರ್‌ನಲ್ಲಿ ವಾರ್ನರ್ ತನ್ನ ಲಾಭದ ಅಂದಾಜು ತಗ್ಗಿಸಿತು. ಒಂದೇ ದಿನದಲ್ಲಿ ಷೇರು ಮೂರನೇ ಒಂದರಷ್ಟು ಕುಸಿಯಿತು. 1983ರ ಫೆಬ್ರುವರಿಯಲ್ಲಿ ಅಟಾರಿ 1,700 ಜನರನ್ನು ಮನೆಗೆ ಕಳಿಸಿ ತಯಾರಿಕೆಯನ್ನು ಹಾಂಗ್‌ಕಾಂಗ್, ತೈವಾನ್‌ಗಳಿಗೆ ಒಯ್ದಿತು. ಜುಲೈನಲ್ಲಿ ಕಸ್ಸಾರ್ ರಾಜೀನಾಮೆ ಕೊಟ್ಟರು. ಆ ವರ್ಷದ ನಷ್ಟ 50 ಕೋಟಿ ಡಾಲರ್ ದಾಟಿತು. ಸೆಪ್ಟೆಂಬರ್‌ನಲ್ಲಿ ಮಿಕ್ಕ ಸರಕನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು. 2014ರ ಏಪ್ರಿಲ್‌ನಲ್ಲಿ ಅಗೆದಾಗ ‘ಇ.ಟಿ.’ ಜೊತೆಗೆ ಅಟಾರಿಯ ಒಳ್ಳೆಯ ಆಟಗಳೂ ಸಿಕ್ಕವು. 1984ರ ಜುಲೈನಲ್ಲಿ ಮನೆಬಳಕೆಯ ವಿಭಾಗವನ್ನು ಜ್ಯಾಕ್ ಟ್ರಾಮಿಯಲ್‌ಗೆ ಮಾರಿದ ಮೇಲೆ ಹಳೆಯ ಅಟಾರಿ ಎಂಬುದು ಉಳಿಯಲಿಲ್ಲ.

ಪೂರ್ತಿ ಹೇಳಬೇಕೆಂದರೆ, ಬಿಟ್ಟು ಹೋದವರೂ ಈ ಕುಸಿತದಿಂದ ಪಾರಾಗಲಿಲ್ಲ. ಆಕ್ಟಿವಿಷನ್ ಗೆಲುವು ನೋಡಿ ಯಾರ್ಯಾರೋ ಆಟ ಮಾಡಲು ಇಳಿದರು. ಓಟ್ಸ್ ಮಾರುವ ಕ್ವೇಕರ್ ಕಂಪನಿ ಕೂಡ ಈ ವ್ಯಾಪಾರಕ್ಕೆ ಕೈಹಾಕಿತು. ಪ್ರೋಗ್ರಾಮರ್‌ಗಳನ್ನು ಸೆಳೆದುಕೊಳ್ಳುವ ಪೈಪೋಟಿ, ಅನುಭವವಿಲ್ಲದವರಿಂದ ಅವಸರದ ಆಟಗಳು. ಕಸದಂಥ ಕಾರ್ಟ್ರಿಜ್‌ಗಳು ಅಂಗಡಿಯಲ್ಲಿ ಐದು ಡಾಲರ್‌ಗೆ ಬಿಕರಿಯಾಗುವಾಗ ಒಳ್ಳೆಯದನ್ನು ಪೂರ್ತಿ ಬೆಲೆಗೆ ಕೊಳ್ಳುವವರಿರಲಿಲ್ಲ. ಇಮ್ಯಾಜಿಕ್ ಮುಳುಗಿತು. ಆಕ್ಟಿವಿಷನ್ ಬಡವಾಯಿತು, ಮೊದಲಿನವರು ಒಬ್ಬೊಬ್ಬರಾಗಿ ಅಲ್ಲಿಂದಲೂ ಚದುರಿದರು.

ಹೆಸರಿನ ಜಗಳವಂತೂ ಇನ್ನೂ ಮುಗಿದಿಲ್ಲ. 2018ರ ‘ರೆಡ್ ಡೆಡ್ ರಿಡೆಂಪ್ಷನ್ 2’ ಮುಗಿದಾಗ ಉರುಳುವ ಉದ್ದನೆಯ ಪಟ್ಟಿಯಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾದವರ ಹೆಸರುಗಳಿವೆ. ಆದರೆ ಆಟ ಮುಗಿಯುವ ಮೊದಲೇ ಕೆಲಸ ಬಿಟ್ಟವರನ್ನು ಆ ಪಟ್ಟಿಯಿಂದ ಹೊರಗಿಟ್ಟ ಬಗ್ಗೆ ತಕರಾರೆದ್ದು, ಅವರಿಗಾಗಿ ವೆಬ್‌ಸೈಟ್‌ನಲ್ಲಿ ಬೇರೆ ಪಟ್ಟಿ ಹಾಕಬೇಕಾಯಿತು.

ಅಟಾರಿಯ ಕುಸಿತದೊಂದಿಗೆ ಅಮೆರಿಕದಲ್ಲಿ ಸತ್ತೇಹೋಯಿತೆಂದುಕೊಂಡ ವಿಡಿಯೋ ಗೇಮ್ ವ್ಯಾಪಾರಕ್ಕೆ 1985ರ ನಂತರ ಜೀವ ತುಂಬಿದ್ದು ಜಪಾನಿನ ನಿಂಟೆಂಡೊ. ಅದಕ್ಕೂ ಕೆಟ್ಟ ಕಾಲ ಬಂದಿತ್ತು. 2011ರಲ್ಲಿ 3ಡಿಎಸ್ ಯಂತ್ರ ಮಾರದೆ ಬೆಲೆ ಇಳಿಸಬೇಕಾದಾಗ ಅಧ್ಯಕ್ಷ ಸತೋರು ಇವಾಟ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು; 2014ರ ಆರಂಭದಲ್ಲಿ ಮತ್ತೊಮ್ಮೆ ಹಾಗೆಯೇ ಮಾಡಿದರು. ಜನರನ್ನು ತೆಗೆದು ಖರ್ಚು ಇಳಿಸಬಾರದೇಕೆ ಎಂದು 2013ರಲ್ಲಿ ಷೇರುದಾರರು ಕೇಳಿದ್ದರು. ಇವಾಟ ಸ್ವತಃ ಪ್ರೋಗ್ರಾಮರ್ ಆಗಿ ಬೆಳೆದವರು. ತೆಗೆದರೆ ಸದ್ಯದ ಲೆಕ್ಕ ಚೆನ್ನಾಗಿ ಕಾಣುತ್ತದೆ, ಆದರೆ ಉಳಿದವರ ಮನೋಬಲ ಕುಗ್ಗುತ್ತದೆ, ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲಿ ದುಡಿಯುವವರಿಂದ ಜಗತ್ತಿನ ಮನಸ್ಸು ಗೆಲ್ಲುವ ಆಟ ಹುಟ್ಟೀತೆಂದು ತನಗೆ ನಂಬಿಕೆಯಿಲ್ಲ ಎಂಬರ್ಥದ ಉತ್ತರ ಕೊಟ್ಟರು. 2015ರಲ್ಲಿ ಅವರು ತೀರಿಕೊಂಡರು.

2023ರಲ್ಲಿ ಗೇಮ್ ಕಂಪನಿಗಳು ಜಗತ್ತಿನಾದ್ಯಂತ ಹತ್ತು ಸಾವಿರದಷ್ಟು ಜನರನ್ನು ಕೆಲಸದಿಂದ ತೆಗೆದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಿಂಟೆಂಡೊದ ‘ಸೂಪರ್ ಮಾರಿಯೊ ಬ್ರದರ್ಸ್ ವಂಡರ್’ ಬಂದು ವಿಮರ್ಶಕರ, ಮಕ್ಕಳ ಮೆಚ್ಚುಗೆ ಪಡೆಯಿತು. ಅದರ ನಿರ್ಮಾಪಕ ತಕಾಶಿ ತೆಜುಕ, ಸಂಗೀತದ ಹೊಣೆ ಹೊತ್ತವರಲ್ಲಿ ಒಬ್ಬರು ಕೋಜಿ ಕೊಂಡೊ. ಇಬ್ಬರೂ 1984ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದವರು. 1985ರ ಮೊದಲ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದಲ್ಲೂ ದುಡಿದವರು.